ಇಪ್ಪತ್ಮೂರು ವರ್ಷದ ಗಾಡಿಗೆ ಇಷ್ಟು ರೊಕ್ಕಾನ?

ಮೇಲಿನ ಪ್ರಶ್ನೆ ನಮ್ಮವ್ವನದು. ಮೆಂತೇಪಲ್ಲೆ ಸೋಸುತ್ತಾ ಕೂತಿದ್ದಳು. ನಾನು ಸುಮ್ಮನಿರಲಾರದೆ ಮೊಬೈಲಿನಲ್ಲಿದ್ದ ಫೋಟೋ ತೋರಿಸಿ ಬೆಲೆ ಹೇಳಿಬಿಟ್ಟೆ. ಮೂರೂ ಕಾಲು ಲಕ್ಷ. ಅವ್ವ ಕೈಯಲ್ಲಿದ್ದ ಪಲ್ಲೆ ಕೆಳಗಿಟ್ಟು, "ಇಪ್ಪತ್ಮೂರು ವರ್ಷದ ಗಾಡಿಗೆ ಇಷ್ಟು ರೊಕ್ಕಾನ? ಅಷ್ಟರಾಗ ಎರಡ ತೊಲಿ ಬಂಗಾರ ಬರತೈತಿ" ಅಂದಳು. ನಾನು ಏನೋ ಹೇಳೋಕೆ ಹೋದೆ. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಯಾವ ಗಾಡಿ?" ಅಂತ ಕೇಳಿದ.

"ಸಿಟಿ. ಹಳೇದು. ವಿಟೆಕ್."

ಅಪ್ಪ ಪೇಪರ್ ಮಡಚಿಟ್ಟ. ಆದರೆ ಮುಂದೆ ಏನೂ ಮಾತಾಡಲಿಲ್ಲ.

ಕಾರಿನ ಹುಚ್ಚು ಇಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಹೋಂಡಾ ಸಿಟಿ ಅಂದರೆ ಈಗ ಶೋರೂಮಿನಲ್ಲಿ ಕಾಣೋ ಉದ್ದನೆಯ ಕಾರಲ್ಲ. ಮೊದಲ ತಲೆಮಾರಿನ ಸಿಟಿ ನಮ್ಮ ದೇಶಕ್ಕೆ ಬಂದಿದ್ದು 1998ರಲ್ಲಿ, ಚೌಕು ಚೌಕಾಗಿ, ತಗ್ಗಾಗಿ ಇತ್ತು. 2000ದಲ್ಲಿ ಅದಕ್ಕೆ ಒಂದೂವರೆ ಲೀಟರಿನ ವಿಟೆಕ್ ಎಂಜಿನ್ ಹಾಕಿದರು. 106 ಕುದುರೆಶಕ್ತಿ. ಆ ಕಾಲಕ್ಕೆ ನಮ್ಮೂರ ರಸ್ತೆಯಲ್ಲಿ ಮಾರುತಿ 800 ಓಡಾಡುತ್ತಿದ್ದದ್ದು ಅದರ ಅರ್ಧಕ್ಕಿಂತ ಕಡಿಮೆ ಶಕ್ತಿಯಲ್ಲಿ ಅನ್ನೋದು ನೆನಪಿರಲಿ. 2003ರಲ್ಲಿ ಹೊಸ ಸಿಟಿ ಬಂತು. ಮೈಲೇಜ್ ಚೆನ್ನಾಗಿತ್ತು, ಜಾಗ ಹೆಚ್ಚಿತ್ತು, ಶಕ್ತಿ ಮಾತ್ರ 77 ಕುದುರೆಗೆ ಇಳಿದಿತ್ತು. ಅಲ್ಲಿಂದ ಹಳೇ ವಿಟೆಕ್ ಅಂದರೆ ಒಂದು ಪಂಗಡದ ಹುಡುಗರಿಗೆ ದೇವರು.

ನನಗೆ ದೇವರಾಗಿದ್ದಕ್ಕೆ ಕಾರಣ ಬೇರೆ. ಅಪ್ಪ ಧಾರವಾಡದಲ್ಲಿ ಒಬ್ಬ ಡಾಕ್ಟರ ಹತ್ತಿರ ಡ್ರೈವರ್ ಆಗಿದ್ದ. ಅವರ ಕಾರು ಬೆಳ್ಳಿ ಬಣ್ಣದ ಸಿಟಿ ವಿಟೆಕ್. ಡಾಕ್ಟರು ಎಂಟು ಲಕ್ಷದ ಮೇಲೆ ಕೊಟ್ಟು ತಗೊಂಡಿದ್ದರು ಅಂತ ಅಪ್ಪ ಈಗಲೂ ಹೇಳ್ತಾನೆ. ಸಪ್ತಾಪುರದ ಅವರ ಮನೆ ಮುಂದೆ ಅಪ್ಪ ಬೆಳಿಗ್ಗೆ ಆರಕ್ಕೆ ಬಕೆಟ್ಟು, ಹಳೇ ಬನಿಯನ್ನು ಹಿಡಿದು ಅದನ್ನ ಒರೆಸುತ್ತಿದ್ದ. ಆಯುಧ ಪೂಜೆಗೆ ನಾನೂ ಹೋಗ್ತಿದ್ದೆ, ಗಾಲಿ ಕೆಳಗೆ ಲಿಂಬೆಹಣ್ಣು ಇಡೋದು ನನ್ನ ಕೆಲಸ. ಆ ಕಾರಿನಲ್ಲಿ ನಾನು ಕೂತಿದ್ದು ಒಂದೇ ಸಲ. ಮೂರನೇ ಇಯತ್ತೆ ಇರಬೇಕು, ಜೋರು ಮಳೆ. ಅಪ್ಪ ಶಾಲೆ ಮುಂದೆ ಗಾಡಿ ನಿಲ್ಲಿಸಿ, ಸೀಟಿನ ಮೇಲೆ ಟವೆಲ್ಲು, ಅದರ ಮೇಲೆ ಪೇಪರು ಹಾಸಿ ನನ್ನ ಕೂರಿಸಿದ. ನಮ್ಮ ಓಣಿಯ ತಿರುವಿಗಿಂತ ಮೊದಲೇ ಇಳಿಸಿದ. "ಓಡಿ ಹೋಗು, ಯಾರಿಗೂ ಹೇಳಬ್ಯಾಡ."

ಇನ್ನೊಂದು ಗುಟ್ಟನ್ನೂ ಅಪ್ಪ ಅವಾಗಲೇ ಹೇಳಿದ್ದ. ಡಾಕ್ಟರನ್ನ ಬೆಳಗಾವಿಯಲ್ಲಿ ಬಿಟ್ಟು ಒಬ್ಬನೇ ವಾಪಸ್ ಬರುವಾಗ, ಕಿತ್ತೂರು ದಾಟಿದ ಮೇಲೆ, ಹೊಸದಾಗಿ ಆಗಿದ್ದ ನಾಲ್ಕು ಲೇನಿನ ರಸ್ತೆಯಲ್ಲಿ ಮೂರನೇ ಗೇರಿನಲ್ಲೇ ಒತ್ತಿ ಹಿಡಿದನಂತೆ. "ಆ ಗಾಡಿ ಒಳಗ ಇನ್ನೊಂದು ಗಾಡಿ ಐತಿ ತಮ್ಮಾ. ಡಾಕ್ಟರಿಗೇ ಗೊತ್ತಿಲ್ಲ."

ಎಂಜಿನಿಯರಿಂಗ್ ಓದುವಾಗ ನನಗೆ ಗೊತ್ತಾಯ್ತು, ಅಪ್ಪ ಹೇಳಿದ್ದಕ್ಕಿಂತ ಚೆನ್ನಾಗಿ ವಿಟೆಕ್ಕನ್ನ ಯಾವ ಪುಸ್ತಕವೂ ವಿವರಿಸಿಲ್ಲ ಅಂತ. ಎಂಜಿನ್ನಿಗೆ ಗಾಳಿ-ಪೆಟ್ರೋಲು ಒಳಗೆ ಬಿಡೋ ವಾಲ್ವುಗಳನ್ನ ತೆರೆಯೋದು ಕ್ಯಾಮ್‌ಶಾಫ್ಟಿನ ಮೇಲಿನ ಉಬ್ಬು. ಉಬ್ಬು ಸಣ್ಣದಿದ್ದರೆ ನಿಧಾನಕ್ಕೆ ಓಡಿಸೋಕೆ ಚೆನ್ನ, ದೊಡ್ಡದಿದ್ದರೆ ಜೋರಾಗಿ ಓಡಿಸೋಕೆ ಚೆನ್ನ. ಹೋಂಡಾದವರು ಎರಡನ್ನೂ ಒಂದೇ ಶಾಫ್ಟಿನ ಮೇಲೆ ಇಟ್ಟರು. ಕೆಳಗಿನ ಆರ್‌ಪಿಎಂನಲ್ಲಿ ಸಣ್ಣ ಉಬ್ಬು ಕೆಲಸ ಮಾಡುತ್ತೆ. ಮೇಲೆ ಹೋದಾಗ ಆಯಿಲ್ಲಿನ ಒತ್ತಡ ಒಂದು ಪುಟ್ಟ ಪಿನ್ನನ್ನ ತಳ್ಳಿ ರಾಕರ್‌ಗಳನ್ನ ಒಟ್ಟಿಗೆ ಬೆಸೆಯುತ್ತೆ, ದೊಡ್ಡ ಉಬ್ಬು ಕೆಲಸ ಶುರು ಮಾಡುತ್ತೆ. ಸದ್ದೇ ಬದಲಾಗುತ್ತೆ. 1989ರಲ್ಲಿ ಜಪಾನಿನ ಇಂಟೆಗ್ರಾದಲ್ಲಿ ಮೊದಲು ಬಂದ ಈ ತಂತ್ರ, ಧಾರವಾಡದ ಒಬ್ಬ ಡ್ರೈವರಿಗೆ ಕಿತ್ತೂರಿನ ಹತ್ತಿರ ತಾನಾಗೇ ಸಿಕ್ಕಿತ್ತು :)

*

ಈಗ ಬೆಲೆ ವಿಷಯ. ಅವ್ವನ ಪ್ರಶ್ನೆ ಅನ್ಯಾಯದ್ದೇನಲ್ಲ.

ಸಾಮಾನ್ಯ ಕಾರಿನ ಬೆಲೆ ಇಳಿಜಾರು. ಶೋರೂಮಿನಿಂದ ಹೊರಬಿದ್ದ ದಿನದಿಂದ ಇಳಿಯುತ್ತಾ ಹೋಗಿ ಕೊನೆಗೆ ಗುಜರಿಯ ಕಬ್ಬಿಣದ ತೂಕಕ್ಕೆ ಬಂದು ನಿಲ್ಲುತ್ತೆ. ಹುಚ್ಚರು ಬಯಸೋ ಕಾರುಗಳು ಮಾತ್ರ ಒಂದು ಕಡೆ ತಳ ಮುಟ್ಟಿ ಮತ್ತೆ ಮೇಲೇಳ್ತವೆ. 2002ಕ್ಕೆ ನಿಂತ ಕಾಂಟೆಸ್ಸಾ ಹಾಗೆ, ಜಿಪ್ಸಿ ಹಾಗೆ. ಫೋಕ್ಸ್‌ವ್ಯಾಗನ್ ಪೋಲೋ 2022ರಲ್ಲಿ ನಿಂತ ಮೇಲೆ ಅದರ ಜಿಟಿ ಟಿಎಸ್‌ಐ ಇಟ್ಟುಕೊಂಡವರು ಮೂಗಿನ ಮೇಲೆ ಬೆರಳಿಡೋ ರೇಟು ಹೇಳ್ತಿದ್ದಾರೆ. ನಮ್ಮ ವಿಟೆಕ್ ಕೂಡ ಒಂದು ಕಾಲದಲ್ಲಿ ಅರವತ್ತು-ಎಪ್ಪತ್ತು ಸಾವಿರಕ್ಕೆ ಕೇಳೋರಿಲ್ಲದೆ ನಿಂತಿತ್ತು. ಆಗ ನನ್ನ ಕೈಯಲ್ಲಿ ಅರವತ್ತು ರೂಪಾಯಿ ಇರಲಿಲ್ಲ, ಅದು ಬೇರೆ ಮಾತು.

ತಮಾಷೆ ಏನಂದ್ರೆ ಇಂಥ ಗಾಡಿಗೆ ಬೆಲೆ ಅಂತ ಒಂದಿಲ್ಲ, ಎರಡಿವೆ. ಆಫೀಸಿಗೆ ಹೋಗೋಕೆ ಅಗ್ಗದ ಕಾರು ಹುಡುಕೋನಿಗೆ ಅದು ಎಂಬತ್ತು ಸಾವಿರದ ಗಾಡಿ. ಹುಚ್ಚನಿಗೆ ಮೂರು ಲಕ್ಷದ ಗಾಡಿ. ನಡುವೆ ಏನೂ ಇಲ್ಲ. ಬ್ಯಾಂಕಿನವರು ಇಷ್ಟು ಹಳೇದಕ್ಕೆ ಸಾಲ ಕೊಡಲ್ಲ, ಇನ್ಶೂರೆನ್ಸಿನವರು ಇಷ್ಟು ಬೆಲೆ ಅಂತ ಒಪ್ಪಲ್ಲ, ಹೆಚ್ಚಿನವರು ಥರ್ಡ್ ಪಾರ್ಟಿ ಮಾಡಿಸಿ ಸುಮ್ಮನಾಗ್ತಾರೆ (ಈ ಅಳತೆಯ ಎಂಜಿನ್ನಿಗೆ 2022ರಿಂದ ವರ್ಷಕ್ಕೆ 3,416 ರೂಪಾಯಿ, ಜಿಎಸ್‌ಟಿ ಬಿಟ್ಟು). ಹಾಗಾಗಿ ನೀವು ಯಾವ ಬಗೆಯ ಗಿರಾಕಿ ಅಂತ ಮಾರೋನಿಗೆ ಗೊತ್ತಾದ ಕ್ಷಣವೇ ಬೆಲೆ ನಿಗದಿಯಾಗುತ್ತೆ. ನಾನು ಮಹಾನುಭಾವ, ಫೋನಿನಲ್ಲೇ "ಎರಡು ವರ್ಷದಿಂದ ಇದನ್ನೇ ಹುಡುಕ್ತಾ ಇದ್ದೆ" ಅಂದಿದ್ದೆ.

ಹೊಸದು ತಗೋಬಹುದಲ್ಲ ಅಂತ ಗೆಳೆಯರು ಕೇಳಿದರು. 2025ರ ಮೇ ತಿಂಗಳಲ್ಲಿ ಗಾಲ್ಫ್ ಜಿಟಿಐ ಬಂತು, ಶೋರೂಮ್ ಬೆಲೆ 53 ಲಕ್ಷ. ನಮ್ಮ ರಾಜ್ಯದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ನೂರಕ್ಕೆ 18. ಅಂದರೆ ಬರೀ ತೆರಿಗೆಯೇ ಒಂಬತ್ತೂವರೆ ಲಕ್ಷ. ಆ ತೆರಿಗೆ ದುಡ್ಡಿನಲ್ಲಿ ನನ್ನಂಥವನು ಮನೆ ಮುಂದೆ ವಿಟೆಕ್‌ಗಳ ಸಾಲು ನಿಲ್ಲಿಸಬಹುದು.

*

ಅಕ್ಟೋಬರ್ ಮೊದಲ ವಾರ, ದಸರಾ ಮುಗಿದ ಮೇಲೆ, ಗೋಕುಲ ರೋಡಿಗೆ ಹೋದೆವು. ನಮ್ಮ ಕಡೆ ಹಳೇ ಕಾರು ಮಾರೋರನ್ನ ಡೀಲರ್ ಅನ್ನಲ್ಲ, 'ಕನ್ಸಲ್ಟಂಟ್' ಅಂತಾರೆ. ನನ್ನ ಆಫೀಸಿನಲ್ಲೂ ಕನ್ಸಲ್ಟಂಟ್‌ಗಳಿದ್ದಾರೆ, ಇಬ್ಬರ ಕೆಲಸದಲ್ಲೂ ದೊಡ್ಡ ವ್ಯತ್ಯಾಸ ಕಂಡಿಲ್ಲ.

ಅಪ್ಪ ಬರ್ತೀನಿ ಅಂತ ತಾನೇ ಹೇಳಿದ್ದ. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಆಕ್ಟಿವಾ ನಿಲ್ಲಿಸಿ ನಾನು ಆಫೀಸಿನೊಳಗೆ ಹೋದೆ. ಅಪ್ಪ ಸೀದಾ ಕಾರಿನ ಹತ್ತಿರ ಹೋಗಿ ನಿಂತು, ಅಭ್ಯಾಸಬಲ, ಕರವಸ್ತ್ರ ತೆಗೆದು ಕನ್ನಡಿ ಮೇಲಿನ ಧೂಳು ಒರೆಸಿದ.

"ಬರ್ರಿ ಸರ, ಕೂಡ್ರಿ. ಚಾ ತಗೋತೀರೋ, ಕಾಫೀನೋ?" ಅಂತ ಕನ್ಸಲ್ಟಂಟ್ ನನ್ನ ಕೂರಿಸಿದ. ಆಮೇಲೆ ಹೊರಗೆ ನೋಡಿ, "ಏ ಡ್ರೈವರ, ಬಾನೆಟ್ ಎತ್ತು. ಸಾಹೇಬ್ರಿಗೆ ಇಂಜಿನ್ ತೋರಸು" ಅಂದ.

ನಾನು ಎದ್ದೆ. ಬಾಯಿ ತೆರೆದೆ. ಅಪ್ಪ ಕಾಜಿನ ಆಚೆಯಿಂದ ನನ್ನ ನೋಡಿ, ಕಂಡೂ ಕಾಣದ ಹಾಗೆ ತಲೆ ಅಲ್ಲಾಡಿಸಿದ. ಬೇಡ. ಬಾನೆಟ್ ಎತ್ತಿದ.

ಮುಂದಿನ ಅರ್ಧ ಗಂಟೆ ನಾನು ನೋಡಿದ್ದನ್ನ ವಿವರವಾಗಿ ಬರೀಬೇಕು. ಯೂಟ್ಯೂಬಿನಲ್ಲಿ ಎಷ್ಟೋ 'ಹಳೇ ಕಾರು ಕೊಳ್ಳೋದು ಹೇಗೆ' ನೋಡಿದ್ದೆ. ಅಪ್ಪನ ಪರೀಕ್ಷೆ ಅದರಲ್ಲಿ ಯಾವುದರಲ್ಲೂ ಇಲ್ಲ.

ಮೊದಲು ಎಂಜಿನ್ ಮೇಲೆ ಅಂಗೈ ಇಟ್ಟ. ತಣ್ಣಗಿದೆಯಾ ಅಂತ. ನಾವು ಬರೋ ಮೊದಲೇ ಬಿಸಿ ಮಾಡಿಟ್ಟಿದ್ದರೆ ಮೊದಲ ಸ್ಟಾರ್ಟಿನ ತೊಂದರೆ ಮುಚ್ಚಿಡೋಕೆ ಅಂತ ಅರ್ಥ. ಆಯಿಲ್ ಮುಚ್ಚಳ ತಿರುಗಿಸಿ ಅದರ ಒಳಮೈಯನ್ನ ಬೆರಳಲ್ಲಿ ಸವರಿದ, ಮಜ್ಜಿಗೆ ಥರ ಬೆಳ್ಳಗೆ ಇದ್ದರೆ ಆಯಿಲ್ಲಿಗೆ ನೀರು ಸೇರಿದೆ. ಬಾನೆಟ್ಟಿನ ಬೋಲ್ಟುಗಳ ತಲೆ ನೋಡಿದ, ಬಣ್ಣ ಎದ್ದಿದ್ದರೆ ಯಾವಾಗಲೋ ಬಿಚ್ಚಿದ್ದಾರೆ, ಅಂದರೆ ಮುಂದೆ ಗುದ್ದಿದೆ. ನಾಲ್ಕೂ ಬಾಗಿಲನ್ನ ಒಂದೊಂದಾಗಿ ತೆಗೆದು ಹಾಕಿ ಕಿವಿಗೊಟ್ಟು ಕೇಳಿದ. ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿ ಕೆಳಗೆ ಮೂಗು ಹಾಕಿದ, ನೀರು ನಿಂತು ತುಕ್ಕು ಹಿಡಿದ ವಾಸನೆ ಬರುತ್ತಾ ಅಂತ. ಟೈರಿನ ಪಕ್ಕದಲ್ಲಿರೋ ನಾಲ್ಕಂಕಿ ಓದಿದ. 1417. ಅಂದರೆ 2017ರ ಹದಿನಾಲ್ಕನೇ ವಾರದಲ್ಲಿ ತಯಾರಾದ ಟೈರು, ಹಲ್ಲು ಇದ್ದರೂ ರಬ್ಬರು ಸತ್ತಿದೆ. ಕೊನೆಗೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಒಂದು ಸುತ್ತು ಹಾಕಿದ. ಟಕ್ ಟಕ್ ಅಂದರೆ ಆಕ್ಸಲ್ ಹೋಗಿದೆ. ಅನ್ನಲಿಲ್ಲ.

ನಮ್ಮಜ್ಜ ಎತ್ತು ಕೊಳ್ಳೋವಾಗ ಹೀಗೇ ಮಾಡ್ತಿದ್ದ. ಬಾಯಿ ಬಿಡಿಸಿ ಹಲ್ಲು ಎಣಿಸಿ, ಎರಡು ಹಲ್ಲೋ, ನಾಕು ಹಲ್ಲೋ, ಬಾಯಿಗೂಡಿದ್ದೋ ಅಂತ ನೋಡಿ, ಸುಳಿ ನೋಡಿ, ಒಂದಷ್ಟು ದೂರ ನಡೆಸಿ ನೋಡಿ. ರೇಟು ಮಾತಾಡೋದು ಮಾತ್ರ ಬಾಯಲ್ಲಲ್ಲ, ಟವೆಲ್ಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿದು. ಸುತ್ತ ನಿಂತ ಮಂದಿಗೆ ಎಷ್ಟಕ್ಕೆ ಆಯ್ತು ಅಂತ ಗೊತ್ತಾಗಲ್ಲ. ನಾನು ಫೋನಿನಲ್ಲಿ ಬಾಯಿ ಬಿಟ್ಟಿದ್ದನ್ನ ಅಜ್ಜ ಕೇಳಿದ್ದರೆ ಟವೆಲ್ಲಿನಲ್ಲೇ ಬಾರಿಸ್ತಿದ್ದ.

ಒಳಗೆ ಕನ್ಸಲ್ಟಂಟ್ ನನಗೆ ಕತೆ ಹೇಳ್ತಿದ್ದ. ಸಿಂಗಲ್ ಓನರ್, ಡಾಕ್ಟರ ಗಾಡಿ (ನಮ್ಮೂರಲ್ಲಿ ಮಾರಾಟಕ್ಕಿರೋ ಪ್ರತಿ ಕಾರೂ ಡಾಕ್ಟರದ್ದು ಅಥವಾ ಬ್ಯಾಂಕ್ ಮ್ಯಾನೇಜರದ್ದು, ಯಾವ ಕಾರನ್ನೂ ಸಾಫ್ಟ್‌ವೇರ್ ಹುಡುಗ ಓಡಿಸಿರೋದಿಲ್ಲ), ಬರೀ ಎಪ್ಪತ್ತೆಂಟು ಸಾವಿರ ಕಿಲೋಮೀಟರ್. "ಇದು ವಿಟೆಕ್ ಐತ್ರಿ ಸರ, ಸಾದಾ ಸಿಟಿ ಅಲ್ಲ. ಪುಣೆದಾಗ ಇದಕ್ಕ ನಾಕ್ ಲಕ್ಷ ಹಿಡಕೊಂಡು ಮಂದಿ ಪಾಳಿ ಹಚ್ಯಾರ."

ಸೆಪ್ಟೆಂಬರ್ 22ಕ್ಕೆ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿತ್ತಲ್ಲ, ನಾನು ಬುದ್ಧಿವಂತಿಕೆ ತೋರಿಸೋಕೆ, "ಹೊಸ ಕಾರೇ ಅಗ್ಗ ಆಗ್ಯಾವಲ್ರಿ, ಹಳೇದೂ ಇಳೀಬೇಕಲ್ಲ" ಅಂದೆ.

"ಹೊಸಾ ವಿಟೆಕ್ ಎಲ್ಲಿ ಸಿಗತೈತಿ ಹೇಳ್ರಿ ಸರ. ಅದಕ್ಕ ಜಿಎಸ್‌ಟಿ ಎಷ್ಟು ಅಂತ ಕೇಳಿ ನಾನೂ ಅಷ್ಟು ಇಳಸ್ತೇನಿ."

ಒಪ್ಪಿಕೊಳ್ಳಬೇಕು, ಒಳ್ಳೇ ಉತ್ತರ.

ನನಗೆ ಒಂದು ಫೋನ್ ಬಂತು, ಹೊರಗೆ ಹೋದೆ. ವಾಪಸ್ ಬರೋವಾಗ ಕನ್ಸಲ್ಟಂಟ್ ಕಾರಿನ ಹಿಂದೆ ಅಪ್ಪನ ಹೆಗಲ ಮೇಲೆ ಕೈ ಹಾಕಿ ಏನೋ ಹೇಳ್ತಿದ್ದ. ಅಪ್ಪ ನೆಲ ನೋಡುತ್ತಾ ಹೂಂ ಅಂತಿದ್ದ.

*

ವಾಪಸ್ ಬರುವಾಗ ಉಣಕಲ್ ಕೆರೆಯ ಹತ್ತಿರ ಗಾಡಿ ನಿಲ್ಲಿಸು ಅಂದ. ಗಿರ್ಮಿಟ್ ತಗೊಂಡ್ವಿ.

"ಮೀಟರ್ ಸುಳ್ಳ ಐತಿ" ಅಂದ. "ಬ್ರೇಕ್ ಪೆಡಲ್ ರಬ್ಬರ್ ನೋಡಿದೇನು? ಒಂದು ಮೂಲಿ ಪೂರಾ ಸವದೈತಿ. ಎಪ್ಪತ್ತೆಂಟು ಸಾವಿರಕ್ಕ ಹಂಗ ಸವಿಯಂಗಿಲ್ಲ." ಆಮೇಲೆ ನಿಧಾನಕ್ಕೆ, ಗಾಡಿ ತೊಳೆಯೋ ಹುಡುಗ ಹೇಳಿದ್ದನ್ನ ಹೇಳಿದ. ಗಾಡಿ ಬೆಳಗಾವಿ ಕಡೆಯಿಂದ ಬಂದಿದೆ, ಮೀಟರ್ ಎರಡು ವರ್ಷ ಬಂದಾಗಿತ್ತು, ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದೋ ಯಾರಿಗೂ ಗೊತ್ತಿಲ್ಲ. ಆದರೆ ಎಂಜಿನ್ ತೆಗೆದಿಲ್ಲ, ಗುದ್ದಿಲ್ಲ. "ಡ್ರೈವರ್ ಕಾಕಾ ಅಂತ ಖರೇ ಹೇಳಿದ. ಅವನ ಹೆಸರು ಎಲ್ಲೂ ಬರಬಾರದು ನೋಡು. ನಾವು ಪೆಡಲ್ ನೋಡಿ ಕಂಡು ಹಿಡದೇವಿ ಅಷ್ಟ."

"ಮತ್ತ ಆ ಮನಶ್ಯಾ ಹೆಗಲ ಮ್ಯಾಲ ಕೈ ಹಾಕಿ ಏನ್ ಹೇಳಿದ?"

ಅಪ್ಪ ನಕ್ಕ. "ಗಾಡಿ ಚಲೋ ಐತಿ ಅಂತ ಸಾಹೇಬ್ರಿಗೆ ಹೇಳು, ನಿನಗ ಐದ ಸಾವಿರ ಕೊಡ್ತೇನಿ ಅಂದ." ಗಿರ್ಮಿಟ್ ಜೊತೆಗಿನ ಮೆಣಸಿನಕಾಯಿ ಕಚ್ಚಿ, "ಡ್ರೈವರಿಗೆ ಐದ ಕೊಡಾಕ ತಯಾರಿದ್ದಾನ ಅಂದ್ರ ಅವನ ಕೈಯಾಗ ಕಡಿಮಿ ಅಂದ್ರೂ ಐವತ್ತರ ಮ್ಯಾಲ ಐತಿ. ಗಡಬಡಿ ಮಾಡಬ್ಯಾಡ."

ನಾನೂ ನಕ್ಕೆ. ನಗುತ್ತಲೇ, ಯೋಚನೆ ಮಾಡದೆ ಕೇಳಿಬಿಟ್ಟೆ. "ನೀ ಯಾವಾಗರ ತಗೊಂಡಿಯೇನಪಾ ಹಂಗ?"

ಅಪ್ಪ ತಕ್ಷಣ ಉತ್ತರ ಕೊಡಲಿಲ್ಲ. ಪೇಪರಿನ ತುಂಡನ್ನ ಸಣ್ಣಗೆ ಮಡಚುತ್ತಾ ಕೂತ.

"ತಗೊಂಡೇನಿ. ಒಂದ ಸಲ."

2011. ನಾನು ಒಂಬತ್ತನೇತ್ತೆ. ಡಾಕ್ಟರಿಗೆ ಆ ಸಿಟಿ ಮಾರೋ ಮನಸ್ಸೇ ಇರಲಿಲ್ಲ. ಒಬ್ಬ ಬ್ರೋಕರು ಅಪ್ಪನನ್ನ ಹಿಡಿದ. ಎಂಜಿನ್ ಕೆಲಸ ಬಂದಿದೆ, ದೊಡ್ಡ ಖರ್ಚಿದೆ ಅಂತ ಡಾಕ್ಟರಿಗೆ ಹೇಳು, ನಾಕು ಸಾವಿರ ನಿನಗೆ. ಡಾಕ್ಟರಿಗೆ ಕಾರಿನ ಬಗ್ಗೆ ಏನೂ ಗೊತ್ತಿರಲಿಲ್ಲ, ಅಪ್ಪ ಹೇಳಿದ್ದೇ ವೇದ. ಅಪ್ಪ ಹೇಳಿದ. ಅವರು, ಹೌದೇನು, ಹಂಗಾರ ಕೊಟ್ಟಬಿಡೂಣು ಅಂದರು. ಗಾಡಿ ಹೋಯ್ತು.

"ಇಂಜಿನ್‌ಗೆ ಏನೂ ಆಗಿರಲಿಲ್ಲ" ಅಂದ ಅಪ್ಪ. "ಗಡಿಯಾರ ಇದ್ದಂಗ ಇತ್ತು."

ಆ ದುಡ್ಡು ಎಲ್ಲಿ ಹೋಯ್ತು ಅಂತ ನಾನು ಕೇಳಲಿಲ್ಲ. ಒಂಬತ್ತನೇತ್ತೆಯಲ್ಲಿ ನನ್ನನ್ನ ಗಣಿತ-ವಿಜ್ಞಾನದ ಟ್ಯೂಷನ್ನಿಗೆ ಹಾಕಿದ್ದರು. ಮನೆಯಲ್ಲಿ ಇದ್ದಕ್ಕಿದ್ದ ಹಾಗೆ ಹೇಗೆ ಸಾಧ್ಯ ಆಯ್ತು ಅಂತ ಅವ್ವ ಅವತ್ತು ಕೇಳಿದ್ದು ನೆನಪಿದೆ.

ಆ ರಾತ್ರಿ ಮೊಬೈಲಿನಲ್ಲಿ ಆ ಹಳೇ ಕಾರಿನ ನಂಬರು ಹಾಕಿ ನೋಡಿದೆ. ಅಪ್ಪನಿಗೆ ಈಗಲೂ ಬಾಯಿಪಾಠ ಇದೆ, ನನಗೂ. ಆರ್‌ಸಿ ರದ್ದಾಗಿದೆ ಅಂತ ತೋರಿಸಿತು. ಅಪ್ಪನಿಗೆ ಹೇಳಿಲ್ಲ.

*

ಮೂರು ವಾರ ನಾವು ಫೋನ್ ಮಾಡಲಿಲ್ಲ. ಇದು ಅಪ್ಪನ ಆಜ್ಞೆ, ನನಗೆ ಶಿಕ್ಷೆ. ದಿನಕ್ಕೆ ಎರಡು ಸಲ ಆ ಜಾಹೀರಾತು ತೆಗೆದು ನೋಡ್ತಿದ್ದೆ, ಯಾರಾದ್ರೂ ತಗೊಂಡುಬಿಟ್ಟರಾ ಅಂತ. ಪುಣೆಯ ಪಾಳಿಯಿಂದ ಯಾರೂ ಬಂದಂತೆ ಕಾಣಲಿಲ್ಲ. ದೀಪಾವಳಿ ಆಯ್ತು. ಅವನೇ ಫೋನ್ ಮಾಡಿದ. "ಸರ, ಎರಡು ತೊಂಬತ್ತು ಮಾಡ್ರಿ, ಲಾಸ್ಟ್."

ಹೋದೆವು. ಅಪ್ಪ ಮನೆಯಲ್ಲೇ ಕ್ಯಾಲೆಂಡರಿನ ಹಿಂದೆ ಪಟ್ಟಿ ಬರೆದಿದ್ದ. ಟೈರು ನಾಕು, ಹದಿನಾರು ಸಾವಿರ. ಬೆಲ್ಟು, ವಾಟರ್ ಪಂಪು ಹನ್ನೆರಡು. ಶಾಕು, ಲೋವರ್ ಆರ್ಮು ಇಪ್ಪತ್ತೈದು. ಏಸಿ ಹದಿನೆಂಟು. ಇದಕ್ಕೆ ನಾನು ಒಂದು ಸಾಲು ಸೇರಿಸಿದೆ, ರಿಜಿಸ್ಟ್ರೇಷನ್ ನವೀಕರಣ ಹತ್ತು ಸಾವಿರ. ಈ ಗಾಡಿಯ ಆರ್‌ಸಿ 2022ರ ಫೆಬ್ರವರಿಯಲ್ಲಿ ಐದು ವರ್ಷಕ್ಕೆ ನವೀಕರಣ ಆಗಿತ್ತು, ಹಳೇ ರೇಟಿನಲ್ಲಿ, 600 ರೂಪಾಯಿಗೆ. ಆ ಏಪ್ರಿಲ್‌ನಿಂದ ಅದು 5,000 ಆಯ್ತು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 10,000 ಮಾಡಿದರು. ಒಟ್ಟು ಎಂಬತ್ತೊಂದು ಸಾವಿರ.

"ಅದೆಲ್ಲಾ ಹಳೇ ಗಾಡಿಗೆ ಇದ್ದದ್ದರಿ ಸರ" ಅಂದ ಕನ್ಸಲ್ಟಂಟ್.

"ಒಂದ ಐವತ್ತು" ಅಂದೆ ನಾನು, ಹೇಳಿಕೊಟ್ಟ ಹಾಗೆ.

ಅವನು ನಕ್ಕ. ಚಹಾ ಬಂತು. ಎರಡು ಎಂಬತ್ತು ಅಂದ. ನಾನು ಒಂದು ಎಪ್ಪತ್ತೈದು. ಅಪ್ಪ ಬಾಗಿಲ ಹತ್ತಿರ ನಿಂತೇ ಇದ್ದ, ಅವನಿಗೆ ಕುರ್ಚಿ ಕೊಟ್ಟಿರಲಿಲ್ಲ. "ಸಾಹೇಬ್ರ, ಪೆಡಲ್ ರಬ್ಬರ್ ಒಂದ್ ಸಲ ನೋಡ್ರಿ" ಅಂದ ಅಪ್ಪ, ಅವನಿಗೆ, ಮೆತ್ತಗೆ. ಅವನು ಸುಮ್ಮನಾದ. ಎರಡು ಅರವತ್ತು. ನಾನು ಎರಡು ಹತ್ತು. ಅವನಿಗೆ ಸಿಟ್ಟು ಬಂತು ಅನ್ಸುತ್ತೆ, ನನ್ನ ಮೇಲೆ ತೋರಿಸೋಕೆ ಆಗಲ್ಲವಲ್ಲ, ಅಪ್ಪನ ಕಡೆ ತಿರುಗಿ, "ಏ, ನೀ ಹೊರಗ ನಿಂದರು. ನಿನಗೇನ್ ತಿಳಿತೈತಿ ಇದು" ಅಂದ.

"ಅವರು ಡ್ರೈವರ್ ಅಲ್ರೀ. ನಮ್ಮಪ್ಪ."

ನನ್ನ ದನಿ ನನಗೇ ಜೋರಾಗಿ ಕೇಳಿಸ್ತು. ಕನ್ಸಲ್ಟಂಟ್ ಅಪ್ಪನನ್ನ ನೋಡಿದ, ನನ್ನ ನೋಡಿದ. ಎದ್ದು ನಿಂತ. "ಅಯ್ಯ, ಗೊತ್ತಾಗಲಿಲ್ರಿ ಯಜಮಾನ್ರ. ತಪ್ಪ ತಿಳೀಬ್ಯಾಡ್ರಿ. ಬರ್ರಿ, ಕೂಡ್ರಿ, ಕೂಡ್ರಿ." ಕುರ್ಚಿ ಬಂತು. ಇನ್ನೊಂದು ಚಹಾ ಬಂತು. 'ನೀ' ಹೋಗಿ 'ನೀವು' ಬಂತು. ಬೆಲೆ ಮಾತ್ರ ಅಲ್ಲಿಂದ ಇಳಿಯೋದು ನಿಂತುಹೋಯ್ತು. ಎರಡು ಮೂವತ್ತೈದಕ್ಕೆ ಮುಗೀತು. ಟೋಕನ್ ಐದು ಸಾವಿರ ಕೊಟ್ಟೆ.

ಹೊರಗೆ ಬಂದ ಮೇಲೆ ಅಪ್ಪನ ಮುಖ ಗಂಟಾಗಿತ್ತು.

"ಬಾಯಿ ಬಿಟ್ಟಿ. ಇನ್ನ ಹತ್ತು ಸಾವಿರ ಇಳೀತಿದ್ದ."

"ಅವ ನಿನಗ ನೀ ಅಂದ, ಹೊರಗ ನಿಂದರು ಅಂದ."

"ಅಂದ. ನಾ ಡ್ರೈವರ್ ಹೌದಲ್ಲೋ? ಇಪ್ಪತ್ತಾರು ವರ್ಷ ಡ್ರೈವರಕಿ ಮಾಡೇನಿ. ಮತ್ತ ಡಿಸಿ ಸಾಹೇಬ್ರು ಅಂತಾನೇನು?" ಆಕ್ಟಿವಾ ಹಿಂದೆ ಕೂತ ಮೇಲೆ, "ಹತ್ತು ಸಾವಿರ ಹೋತು. ನನ್ನ ಐದ ಸಾವಿರಾನೂ ಹೋತು" ಅಂದ. ತಮಾಷೆಗೆ ಅಂದನೋ ಏನೋ, ಮುಖ ಕಾಣ್ತಿರಲಿಲ್ಲ.

*

ಕಾಗದ ಪತ್ರದ ಬಗ್ಗೆ ಎರಡು ಮಾತು, ಹಳೇ ಕಾರು ತಗೊಳ್ಳೋರಿಗೆ ಉಪಯೋಗ ಆಗಬಹುದು. ಖಾಲಿ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಟ್ಟುಕೊಂಡು ಗಾಡಿಯನ್ನ ಕೈಯಿಂದ ಕೈಗೆ ದಾಟಿಸೋದು ನಮ್ಮ ಕಡೆ ಹಳೇ ರೂಢಿ. ನಡುವೆ ಎಲ್ಲಾದರೂ ಅಪಘಾತ ಆದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರೋನದು. 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇ ಇದು. ಮಾರಿ ಎಷ್ಟೋ ವರ್ಷ ಆಗಿದೆ, ನಡುವೆ ನಾಲ್ಕು ಜನರ ಕೈ ದಾಟಿದೆ ಅನ್ನೋದು ಲೆಕ್ಕಕ್ಕೆ ಬರಲ್ಲ. 2023ರ ಏಪ್ರಿಲ್ 1ರಿಂದ ಹಳೇ ವಾಹನ ಮಾರೋರು ಆರ್‌ಟಿಓದಿಂದ ಅಧಿಕೃತ ಪತ್ರ ಪಡೀಬೇಕು, ಗಾಡಿ ಅವರ ಕೈಗೆ ಬಂದಿದ್ದನ್ನ ಆನ್‌ಲೈನಿನಲ್ಲಿ ತಿಳಿಸಬೇಕು ಅನ್ನೋ ನಿಯಮ ಇದೆ. ಅದರ ಬಗ್ಗೆ ಕೇಳಿದಾಗ ನಮ್ಮ ಕನ್ಸಲ್ಟಂಟ್, "ಎಲ್ಲಾ ಐತ್ರಿ ಸರ" ಅಂದ, ತೋರಿಸಲಿಲ್ಲ. ನಾನು ಬೆಳಗಾವಿಗೆ ಹೋಗಿ ಮಾಲೀಕರನ್ನೇ ಭೇಟಿಯಾಗಿ ಎದುರಿಗೇ ಸಹಿ ಹಾಕಿಸಿಕೊಂಡು ಬಂದೆ. ಅವರು ಡಾಕ್ಟರ್ ಅಲ್ಲ. ಕಿರಾಣಿ ಅಂಗಡಿ.

ಹೆಸರು ಬದಲಾವಣೆಗೆ ಮೂವತ್ತು ದಿನ ಟೈಮ್ ಇರುತ್ತೆ. ಅಪ್ಪನ ಹೆಸರಿನಲ್ಲಿ ಮಾಡಿಸೋಣ ಅಂತ ನಾನು ಫಾರ್ಮ್ ತುಂಬಿಟ್ಟಿದ್ದೆ. ಅಪ್ಪ ಓದಿ ವಾಪಸ್ ಕೊಟ್ಟ. "ಬ್ಯಾಡ. ನಾಳೆ ನಾ ಸತ್ತ ಮ್ಯಾಲ ನಿನ್ನ ಹೆಸರಿಗೆ ಮಾಡಸಾಕ ಮತ್ತ ಆರ್‌ಟಿಓ ಅಲೀತಿ." ಅಷ್ಟೇ ಹೇಳಿದ. ನಾನೂ ಒತ್ತಾಯ ಮಾಡಲಿಲ್ಲ.

ಈಗ ಗಾಡಿ ಮನೆ ಮುಂದಿದೆ, ನವನಗರದಲ್ಲಿ. ಮೊದಲ ತಿಂಗಳಲ್ಲೇ ಐವತ್ನಾಲ್ಕು ಸಾವಿರ ನುಂಗಿದೆ. ಪಟ್ಟಿಯಲ್ಲಿ ಇಲ್ಲದ್ದೂ ಬಂತು. ಈಗ ಬಂಕಿನಲ್ಲಿ ಸಿಗೋದೆಲ್ಲ ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲು, ಇಂಥ ಗಾಡಿಯ ಹಳೇ ರಬ್ಬರ್ ಪೈಪುಗಳಿಗೆ ಅದು ಆಗಿಬರಲ್ಲ ಅಂತ ಮೆಕ್ಯಾನಿಕ್ ಎಲ್ಲವನ್ನೂ ಬದಲಿಸಿದ. ಬೆಳಿಗ್ಗೆ ಆರಕ್ಕೆ ಎದ್ದು ನೋಡಿದರೆ ಅಪ್ಪ ಬಕೆಟ್ಟು, ಹಳೇ ಬನಿಯನ್ನು ಹಿಡಿದು ಹೊರಗಿರ್ತಾನೆ. ನಾನೇ ತೊಳೀತೀನಿ ಬಿಡು ಅಂದೆ. "ನಿನಗ ಬರಂಗಿಲ್ಲ, ಗೆರಿ ಬೀಳ್ತಾವು" ಅಂದ.

ಓಡಿಸು ಅಂದರೆ ಮಾತ್ರ ಒಲ್ಲೆ ಅಂತಾನೆ. ನಿನ್ನ ಗಾಡಿ ನೀ ಓಡಸು. ಮೊದಲ ದಿನ ಎಡಗಡೆ ಸೀಟಿನಲ್ಲಿ ಕೂತವನು ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ ತೊಡೆ ಮೇಲೆ ಇಟ್ಟುಕೊಂಡಿದ್ದ. ನಾನು ಬ್ರೇಕ್ ಹಾಕೋ ಮೊದಲೇ ಅವನ ಬಲಗಾಲು ಮ್ಯಾಟ್ ಒತ್ತುತ್ತಿತ್ತು. ಹೊಸ ಬೆಲ್ಟ್ ಹಾಕಿಸಿದ ಮೇಲೆ ಒಂದು ಭಾನುವಾರ ಕಿತ್ತೂರಿನ ತನಕ ಹೋದೆವು. ವಾಪಸ್ ಬರುವಾಗ ರಸ್ತೆ ಖಾಲಿ ಇತ್ತು. ನಾನು ನಾಲ್ಕನೇ ಗೇರಿನಲ್ಲಿ ಆರಾಮಾಗಿ ಹೋಗ್ತಿದ್ದೆ.

"ಮೂರಕ್ಕ ಹಾಕು" ಅಂದ ಅಪ್ಪ.

ಹಾಕಿದೆ. ಒತ್ತಿದೆ. ಐದು ಸಾವಿರ ದಾಟಿತು, ಸದ್ದು ಬದಲಾಯ್ತು. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿ ಕೂತ. ಸ್ವಲ್ಪ ಹೊತ್ತಾದ ಮೇಲೆ, "ಇದು ಅದರಷ್ಟು ಸಾಫ್ ಇಲ್ಲ" ಅಂದ. "ಅದು ಭಾಳ ಚಲೋ ಇತ್ತು."

ಡಾಕ್ಟರು ಈಗಲೂ ಧಾರವಾಡದಲ್ಲೇ ಇದ್ದಾರೆ, ಪ್ರಾಕ್ಟೀಸ್ ಬಿಟ್ಟಿದ್ದಾರೆ. ಒಂದು ದಿನ ಗಾಡಿ ತಗೊಂಡು ಹೋಗಿ ತೋರಿಸಿ ಬರೋಣ ಅಂತ ಕೇಳಿದ್ದೀನಿ. ನೋಡೂಣು ಅಂದಿದ್ದಾನೆ. ಎರಡು ಸಲ ಕೇಳಿದೆ, ಎರಡು ಸಲವೂ ನೋಡೂಣು.

ಮುಂದಿನ ತಿಂಗಳು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯೋ ಆಸೆ ಇದೆ. ಶಾಕ್ ಅಬ್ಸಾರ್ಬರ್ ಇನ್ನೂ ಬಂದಿಲ್ಲ, ಅದು ಹಾಕಿಸದೆ ಘಟ್ಟ ಇಳಿಯೋ ಹಾಗಿಲ್ಲ ಅಂತ ತಾಕೀತಾಗಿದೆ. ಹಾಗೇ ಈ ಗಾಡಿಯ ಎಡಗಡೆ ಹೆಡ್‌ಲೈಟ್ ಒಡೆದಿದೆ. ಶಿವಾಜಿನಗರದ ಗುಜರಿಯಲ್ಲೂ ಸಿಗಲಿಲ್ಲ. 2000-2003ರ ಸಿಟಿಯದು ನಿಮ್ಮಲ್ಲಿ ಯಾರ ಹತ್ತಿರವಾದರೂ, ಮಾವನ ಮನೆ ಅಟ್ಟದ ಮೇಲೋ ಗ್ಯಾರೇಜಿನ ಮೂಲೆಯಲ್ಲೋ ಬಿದ್ದಿದ್ದರೆ, ದಯವಿಟ್ಟು ತಿಳಿಸಿ. ಚೌಕಾಸಿ ಮಾಡಲ್ಲ. ಮಾಡಿದರೂ ಅಪ್ಪ ಮಾಡ್ತಾನೆ :)